ತೂಗುವ ಗುಂಡು

ಹೋದ ಬೇಸಗೆಯಲ್ಲಿ ಮಂಡ್ಯದಿಂದ ಮದ್ದೂರಿನ ಮಾರ್ಗವಾಗಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಬೇಕಾಗಿ ಬಂದಿತು. ವಿಶ್ವೇಶ್ವರಯ್ಯ ನಾಲೆಯ ಕೃಪೆಯಿಂದ ದಾರಿಯ ಬಹುಭಾಗ ಕಬ್ಬು ಬತ್ತಗಳ ಸೀಮೆ. ಆದರೆ ನಾಲೆಯ ಮಟ್ಟಕ್ಕಿಂತ ಮೇಲಿನ ನೆಲ ಬಂದೊಡನೆ ಹಸುರು ಕತ್ತರಿಸಿದಂತೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಕೆಂಪು ಹೊಲ, ಜಾಲಿಯ ಮರ, ಬಿಸಿಲು. ನಾನು ಇಳಿದುಕೊಂಡ ಮನೆಯ ಯಜಮಾನರ ಹೊಲವೂ ಅಂಥ ಎತ್ತರದ್ದೇ. ಒಂದು ಕೊಳವೆ ಬಾವಿಯನ್ನು ಕೊರೆಸಿ, ಧೂಳನ್ನಲ್ಲದೆ ಬೇರೇನನ್ನೂ ಕಾಣದೆ, ಆ ಸಾಲವಿನ್ನೂ ತೀರದಿರುವಾಗಲೇ ಅವರು ಎರಡನೆಯದಕ್ಕೆ ಮನಸ್ಸು ಮಾಡಿದ್ದರು. ನೀರು ನೋಡುವವರೊಬ್ಬರನ್ನು ಕರೆಸಿದ್ದರು.

ಆತ ವಯಸ್ಸಾದ, ಗಂಭೀರನಾದ ಮನುಷ್ಯ. ಕರಿಯ ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡೊಂದನ್ನು ಬಲಗೈಯ ಬೆರಳುಗಳಲ್ಲಿ ಹಿಡಿದು, ಬರಿಗಾಲಲ್ಲಿ ಹೊಲದ ಉದ್ದಗಲ ನಡೆದ. ಒಂದು ಕಡೆ ಗುಂಡು ಮೆಲ್ಲಗೆ ತೂಗತೊಡಗಿತು, ತೂಗಾಟ ಸುತ್ತಾಟವಾಯಿತು. ಸುತ್ತುಗಳನ್ನು ಎಣಿಸಿ ಇಷ್ಟು ಅಡಿಗೆ ಇಷ್ಟು ಇಂಚು ನೀರು ಎಂದು ಹೇಳಿ, ಆ ಜಾಗದಲ್ಲಿ ಕಲ್ಲಿಡಿಸಿದ. ಕಲ್ಲಿಗೆ ಕುಂಕುಮವೂ ಆಯಿತು. ಆಗ ಯಜಮಾನರು ನನ್ನ ಕಡೆ ತಿರುಗಿ, “ನೀವು ಓದಿದೋರು ಮೇಷ್ಟ್ರೆ, ಇದು ದಿಟವಾ?” ಎಂದು ಕೇಳಿದರು. ಹೌದು ಅಲ್ಲ ಎಂಬ ಒಂದು ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅಲ್ಲಿ ಅರ್ಧಕ್ಕೆ ನಿಂತ ಉತ್ತರವನ್ನು ಈ ಸಂಜೆ ತಮ್ಮ ಮುಂದೆ ಇಡುತ್ತೇನೆ.

ದಾರಕ್ಕೆ ಕಟ್ಟಿ ತೂಗಬಿಟ್ಟ ಗುಂಡಿಗೆ ನಮ್ಮ ಪಾಠಪುಸ್ತಕಗಳಲ್ಲಿ ಲೋಲಕವೆಂದು ಹೆಸರು. ಲೋಲವೆಂದರೆ ಅಲುಗಾಡುವುದು, ಚಂಚಲವಾದದ್ದು. ಹೆಂಗಸರ ಕಿವಿಯಲ್ಲಿ ತೂಗಾಡುವ ಲೋಲಾಕು ಈ ಬಳಗದ್ದೇ. ಹೆಸರು ಸೊಗಸಾಗಿದೆ, ಆದರೆ ಈ ವಸ್ತುವಿನ ಗುಟ್ಟು ಇರುವುದು ಸಂಸ್ಕೃತದ ಈ ಹೆಸರಿನಲ್ಲಲ್ಲ, ‘ತೂಗು’ ಎಂಬ ನಮ್ಮ ಅಚ್ಚಗನ್ನಡದ ಧಾತುವಿನಲ್ಲಿ ಎಂದು ನನಗೆ ತೋರುತ್ತದೆ. ತಾಯಿ ತೊಟ್ಟಿಲನ್ನು ತೂಗುತ್ತಾಳೆ. ಸೆಟ್ಟಿ ಬೆಲ್ಲವನ್ನು ತೂಗುತ್ತಾನೆ. ಆಡಿಸುವುದಕ್ಕೂ ಅಳೆಯುವುದಕ್ಕೂ ಒಂದೇ ಮಾತು. ನಿರ್ಧಾರಕ್ಕೆ ಬಾರದವನ ಮನಸ್ಸು ತೂಗುಯ್ಯಾಲೆ. ನಿರ್ಧಾರಕ್ಕೆ ಬರಬೇಕಾದವನು ತೂಗಿನೋಡಬೇಕು. ಈ ಎರಡರ್ಥಗಳನ್ನು ಜನ ಯಾವ ಕಾಲದಲ್ಲಿ ಕೂಡಿಸಿದರೋ! ಆಡುವ ಗುಂಡು ಅಳೆಯಲೂ ಬಲ್ಲುದೆಂದು ಐರೋಪ್ಯ ವಿದ್ವಾಂಸರಿಗೆ ತಿಳಿದುಬಂದದ್ದಾದರೋ ಹದಿನೇಳನೆಯ ಶತಮಾನದಲ್ಲಿ.

ಪೀಸಾ ನಗರದ ದೇವಾಲಯದಲ್ಲಿ ತೂಗಾಡುತ್ತಿದ್ದ ದೀಪವನ್ನು ಗೆಲಿಲಿಯೊ ತನ್ನ ನಾಡಿಯ ಬಡಿತದಿಂದ ಎಣಿಸಿದನೆಂಬ ಕಥೆಯನ್ನು ತಾವೆಲ್ಲರೂ ಕೇಳಿದ್ದೀರಿ. ಕಥೆ ಹೇಗಾದರೂ ಇರಲಿ, ತತ್ತ್ವ ಸತ್ಯ. ತೂಗಾಟ ಅತಿಯಾಗದಿರುವಾಗ, ಒಂದು ಸಲ ಹೋಗಿಬರಲು ಹಿಡಿಯುವ ಕಾಲವು ದಾರದ ಉದ್ದವನ್ನು ಅವಲಂಬಿಸಿದೆಯೇ ಹೊರತು ಗುಂಡಿನ ಭಾರವನ್ನಲ್ಲ. ಹುಣಿಸೆಯ ಕೊಂಬೆಗೆ ಕಟ್ಟಿದ ಉಯ್ಯಾಲೆಯಲ್ಲಿ ದಢೂತಿ ಮಾವಯ್ಯ ಕುಳಿತರೂ ಪುಟ್ಟ ಸೊಸೆ ಕುಳಿತರೂ ಹೆಚ್ಚುಕಡಮೆ ಒಂದೇ ಕಾಲ. ಮೂರು ಅಡಿ ಮೂರು ಅಂಗುಲದ ದಾರಕ್ಕೆ ಕಲ್ಲನ್ನು ಕಟ್ಟಿ ತೂಗಿದರೆ ಅದು ಈ ಕೊನೆಯಿಂದ ಆ ಕೊನೆಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಸೇರುತ್ತದೆ; ಇದನ್ನು ಇಂದು ರಾತ್ರಿಯೇ ಮನೆಯಲ್ಲಿ ನೋಡಬಹುದು. ಈ ಗುಣವನ್ನು ಹಿಡಿದು ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ನಿರ್ಮಿಸಿದ. ಜೇಮ್ಸ್ ವಾಟನು ತನ್ನ ಉಗಿಯಂತ್ರಕ್ಕೆ ಅಳವಡಿಸಿದ ಎರಡು ಗುಂಡಿನ ವೇಗನಿಯಂತ್ರಕವೂ ಸುತ್ತುವ ಲೋಲಕವೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ, ತೊಂಬತ್ತು ಮೈಲಿಗೂ ಮೀರಿದ ದೂರ, ವಿದ್ಯುತ್ತನ್ನು ಹರಿಸಿದಾಗ ಜಗತ್ತು ಬೆರಗಾಯಿತು. ಜಲಚಕ್ರಗಳ ವೇಗವನ್ನು ಒಂದೇ ಸಮನಾಗಿ ಹಿಡಿದಿಡುವ ಈ ಬಗೆಯ ಉಪಾಯವಿಲ್ಲದೆ ಅಂಥ ಸಾಹಸಗಳು ನಡೆಯುವಂತಿರಲಿಲ್ಲ. ಗಾರೆಯವನು ಗೋಡೆಯ ನೇರವನ್ನು ನೋಡಲು ಇಳಿಬಿಡುವ ತೂಗುಗುಂಡನ್ನು ನಾನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಉದ್ದವೊಂದೇ ಕಾಲವನ್ನು ನಿರ್ಣಯಿಸುವುದಾದರೆ ಒಂದೇ ಗಡಿಯಾರ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ ನಡೆಯಬೇಕಷ್ಟೆ? 1672ರಲ್ಲಿ ರಿಷೆ ಎಂಬ ಫ್ರೆಂಚ್ ಪಂಡಿತ ಪ್ಯಾರಿಸಿನಲ್ಲಿ ಸರಿಹೊಂದಿಸಿದ ಗಡಿಯಾರವನ್ನು ಭೂಮಧ್ಯರೇಖೆಗೆ ಸಮೀಪದ ಕಯೆನ್ನಿಗೆ ಕೊಂಡೊಯ್ದ. ಅಲ್ಲಿ ಅದು ದಿನಕ್ಕೆ ಎರಡೂವರೆ ಮಿನಿಟು ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಗುಂಡನ್ನು ಕೆಳಕ್ಕೆಳೆಯುವ ಭೂಮಿಯ ಸೆಳೆತವೇ ಅಲ್ಲಿ ಕಡಮೆ. ಭೂಮಿ ನಡುವಿನಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದೆಯೆಂಬ ತನ್ನ ವಾದಕ್ಕೆ ನ್ಯೂಟನ್ ಇದನ್ನು ಸಾಕ್ಷಿಯಾಗಿ ಹಿಡಿದ. ಕಾಲವನ್ನು ತೂಗುತ್ತಿದ್ದ ಗುಂಡು ಅಂದಿನಿಂದ ನೆಲವನ್ನೇ ತೂಗಲು ತೊಡಗಿತು.

ಈ ತೂಕದ ಕೆಲಸ ನಮ್ಮ ಸೀಮೆಗೂ ಬಂದಿತೆಂಬುದನ್ನು ಬಲ್ಲವರು ವಿರಳ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯೇ ಮುಂದೆ ಭಾರತದ ಮಹಾ ಮೋಜಣಿಗೆ ಅಡಿಗಲ್ಲನ್ನಿಟ್ಟವನು. ಆ ಮೋಜಣಿಯ ಇಲಾಖೆಯವರು 1865ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಎರಡು ಹಿತ್ತಾಳೆಯ ಲೋಲಕಗಳನ್ನು ತರಿಸಿ ಕ್ಯಾಪ್ಟನ್ ಬಸೇವಿಯ ವಶಕ್ಕೆ ಕೊಟ್ಟರು. ದಕ್ಷಿಣದಲ್ಲಿ ಕನ್ಯಾಕುಮಾರಿಯ ಸಮೀಪದಿಂದ ಉತ್ತರದ ಪರ್ವತಗಳವರೆಗೆ ಆತ ಅವನ್ನು ಹೊತ್ತು ತಿರುಗಿದ, ಬೆಂಗಳೂರಿನಲ್ಲಿಯೂ ತೂಗಿದ. ಗಾಳಿಯ ತಡೆಯಾಗದಂತೆ ಗುಂಡನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು ತೂಗುವುದು, ಶಾಖದಿಂದ ಲೋಹ ಎಷ್ಟು ಹಿಗ್ಗಿತೆಂದು ಲೆಕ್ಕಹಾಕುವುದು, ನಕ್ಷತ್ರಗಳನ್ನು ನೋಡಿ ಗಡಿಯಾರವನ್ನು ತಿದ್ದುವುದು—ಪ್ರತಿಯೊಂದು ಸ್ಥಳದಲ್ಲಿಯೂ ಇದೇ ವ್ರತ. ದಿನವೊಂದಕ್ಕೆ ಸುಮಾರು 86,000 ತೂಗಾಟಗಳು. ಅವುಗಳಲ್ಲಿ ಒಂದೆರಡು ಹೆಚ್ಚಾಗಲಿ ಕಡಮೆಯಾಗಲಿ, ಅದಕ್ಕೆ ಕಾರಣ ಬೇಕು. 1871ರಲ್ಲಿ ಲದಾಖಿನ ಮೋರೆ ಎಂಬಲ್ಲಿ, ಹದಿನೈದು ಸಾವಿರ ಅಡಿಗೂ ಮೇಲಿನ ಬಯಲಿನಲ್ಲಿ, ಕೆಲಸವನ್ನು ಮುಗಿಸಿ ಮುಂದಿನ ನೆಲೆಗೆ ಹೋಗಿದ್ದಾಗ ಬಸೇವಿ ತೀರಿಕೊಂಡ.

ಆತ ಬಿಟ್ಟುಹೋದ ಅಂಕಿಗಳಿಂದ ವಿಚಿತ್ರವಾದ ಸಂಗತಿಯೊಂದು ದೃಢವಾಯಿತು. ಹಿಮಾಲಯದಂಥ ಮಹಾರಾಶಿ ಬಳಿಯಲ್ಲಿರುವಾಗ ಸೆಳೆತ ಹೆಚ್ಚಾಗಿರಬೇಕೆಂದು ಯಾರಾದರೂ ಊಹಿಸುವರು. ಆದರೆ ಲೆಕ್ಕ ಹಾಕಿ ನೋಡಿದಾಗ ಪರ್ವತಪ್ರದೇಶದಲ್ಲಿ ಅದು ನಿರೀಕ್ಷೆಗಿಂತ ಕಡಮೆಯಾಗಿಯೂ ಕಡಲಿನ ದ್ವೀಪದಲ್ಲಿ ಹೆಚ್ಚಾಗಿಯೂ ಕಂಡಿತು. ಪರ್ವತಗಳ ಅಡಿಯಲ್ಲಿ ಹಗುರವಾದ ಪದಾರ್ಥವಿರಬೇಕೆಂದು ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಮತ್ತು ಇಂಗ್ಲೆಂಡಿನ ಜ್ಯೋತಿಷಿ ಏರಿ 1850ರ ದಶಕದಲ್ಲಿಯೇ ಮಂಡಿಸಿದ್ದ ವಾದಗಳಿಗೆ ಇದರಿಂದ ಬಲ ಬಂದಿತು. ನೀರಿನ ಮೇಲೆ ತೇಲುವ ಮರದ ದಿಮ್ಮಿಯಂತೆ ಬೆಟ್ಟಗಳಿಗೂ ಕಾಣದ ಬುಡವಿದೆ. ಕೈಚೀಲದಲ್ಲಿ ಹಿಡಿಸುವಂಥ ಒಂದು ಗುಂಡು ಮೈಲಿಗಟ್ಟಲೆ ಆಳದ ಸಮಾಚಾರವನ್ನು ಹೇಳಿತು! ಹಾಗಿರುವಾಗ ನಾನೂರು ಅಡಿ ಆಳದ ನೀರನ್ನು ಹಳ್ಳಿಯ ಮುದುಕನ ಗುಂಡು ಏಕೆ ಹೇಳಬಾರದು? ಯಜಮಾನರಿಗೆ ನಾನು ಕೂಡಲೆ ‘ಅಲ್ಲ’ ಎನ್ನದೆ ಇದ್ದುದು ಇದರಿಂದಲೇ.

ಅಂತರವಿರುವುದು ಗುಂಡಿನಲ್ಲಲ್ಲ, ಅದನ್ನು ತೂಗಹಾಕಿದ ಗೂಟದಲ್ಲಿ. ಲೋಲಕದ ಆಧಾರಪೀಠವು ಕಣ್ಣಿಗೆ ಕಾಣದಷ್ಟು ಅಲುಗಿದರೂ ಫಲಿತಾಂಶ ಕೆಡುತ್ತದೆಂದು ಅಮೆರಿಕದ ಪರ್ಸ್ ಎಂಬಾತ 1870ರ ದಶಕದಲ್ಲಿ ತೋರಿಸಿದ ಮೇಲೆ ವಿಜ್ಞಾನಿಗಳಿಗೆ ನಿದ್ದೆ ಬರಲಿಲ್ಲ. ಹಿತ್ತಾಳೆ ಉಕ್ಕುಗಳ ಪೀಠದ ಮಾತು ಹೀಗಾದರೆ ಮನುಷ್ಯನ ಕೈ ಎಂಥ ಪೀಠ! ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಾಲ್ ಇದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡು, ಆಂಪೇರನಿಗೆ ಬರೆದ ಪತ್ರರೂಪದಲ್ಲಿ 1833ರಲ್ಲಿ ಪ್ರಕಟಿಸಿದ. ಪಾದರಸದ ಮೇಲೆ ಹಿಡಿದಾಗ ಅವನ ಕೈಯ ಲೋಲಕ ಚೆನ್ನಾಗಿ ತೂಗುತ್ತಿತ್ತು. ತೋಳಿಗೆ ಆನಿಕೆ ಕೊಟ್ಟು, ಆನಿಕೆಯನ್ನು ಬೆರಳುಗಳ ಕಡೆಗೆ ಸರಿಸಿದಷ್ಟೂ ತೂಗಾಟ ಕುಗ್ಗಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೇಲಂತೂ ಕೆಳಗೆ ಪಾದರಸವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೂಗುವುದೆಂಬ ನಿರೀಕ್ಷೆ ಮನಸ್ಸಿನಲ್ಲಿದ್ದರೆ ಸಾಕು, ಅರಿವಿಲ್ಲದೆಯೇ ಬೆರಳು ಮಿಡಿಯುತ್ತದೆ. ಉಯ್ಯಾಲೆಗೆ ಹದವರಿತು ಮೆಲ್ಲಗೆ ನೂಕಿದ ಹಾಗೆ ಆ ಮಿಡಿತಗಳು ಕೂಡಿ ದೊಡ್ಡ ತೂಗಾಟವಾಗುತ್ತದೆ. ಆದುದರಿಂದ ನೀರು ನೋಡುವವರನ್ನು ವಂಚಕರೆನ್ನುವುದು ಅನ್ಯಾಯ. ಗುಂಡು ತಾನಾಗಿ ತಿರುಗಿತೆಂದು ಆ ಮುದುಕ ಮನಸಾರೆ ನಂಬಿದ್ದ. ಅವನು ಹೇಳಿದ ಕಡೆ ಎಷ್ಟೋ ಸಲ ನೀರು ಬಂದಿರಲೂಬಹುದು. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಮೇಲಿನ ಶಿಥಿಲವಾದ ಪದರದಲ್ಲಿಯೂ ಬಿರುಕುಗಳಲ್ಲಿಯೂ ಇರುವುದರಿಂದ ಬಿರುಕು ಸಿಕ್ಕಿದವನಿಗೆಲ್ಲ ನೀರು ಸಿಕ್ಕುತ್ತದೆ. ಬಂದ ನೀರನ್ನು ಊರು ನೆನಪಿಡುತ್ತದೆ. ಬಾರದ ನೀರನ್ನು ಸಾಲಗಾರನೊಬ್ಬನೇ ನೆನಪಿಡುತ್ತಾನೆ.

ಆ ದಿನ ನಾನು ಮಾಡಿದ್ದು ಇಷ್ಟೆ. ಮೂರು ಬಿದಿರುಗಳನ್ನು ಕಟ್ಟಿ ಮುಕ್ಕಾಲಿಯಾಗಿ ನಿಲ್ಲಿಸಿ, ಆ ಗುಂಡನ್ನೇ, ಆ ದಾರದಿಂದಲೇ, ಕುಂಕುಮದ ಕಲ್ಲಿನ ಮೇಲೆ ತೂಗಹಾಕಲು ಮುದುಕನ ಅಪ್ಪಣೆ ಬೇಡಿದೆ. ಆತ ಸಂತೋಷದಿಂದಲೇ ಒಪ್ಪಿದ. ಗಾಳಿಗೆ ಗೋಣಿಯನ್ನು ಮರೆಕಟ್ಟಿ ಎಲ್ಲರೂ ಸುತ್ತ ಕುಳಿತೆವು. ಗುಂಡು ನಾಲ್ಕಾರು ಸಲ ಆಡಿ, ನಿಂತು, ನಿಂತೇ ಇತ್ತು. ಮುದುಕ ಬಹಳ ಹೊತ್ತು ನೋಡಿ, “ಬಿದಿರಿಗೆ ಜೀವ ಇಲ್ಲವಲ್ಲ ಸ್ವಾಮಿ” ಎಂದ. ಒಂದು ರೀತಿಯಲ್ಲಿ ಷೆವ್ರಾಲನ ಮಾತೂ ಅದೇ ಅಲ್ಲವೆ?

ಯಜಮಾನರು ಕೇಳಿದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು: “ಹಂಗಾದ್ರೆ ಎಲ್ಲಿ ಕೊರುಸ್ಲಿ ಯೋಳಿ ಮೇಷ್ಟ್ರೆ?” ನನ್ನ ಲೋಲಕಕ್ಕೂ ಅದು ಗೊತ್ತಿರಲಿಲ್ಲ. ನೆಲದೊಳಗೆ ವಿದ್ಯುತ್ತನ್ನು ಹರಿಸಿ ಅದಕ್ಕೆ ಬಂಡೆ ಒಡ್ಡುವ ತಡೆಯನ್ನು ಅಳೆಯುವ ಭೂವಿಜ್ಞಾನಿಗಳಿದ್ದಾರೆ, ಅವರೂ ತಪ್ಪಬಹುದು, ಆದರೆ ಎಷ್ಟು ಮಟ್ಟಿಗೆ ತಪ್ಪಬಹುದೆಂಬುದನ್ನೂ ಹೇಳಬಲ್ಲರು ಎಂದೆ. ಒಂದು ತಿಂಗಳ ಮೇಲೆ ಅಂಥವರೊಬ್ಬರು ಬಂದು ಹೊಲದ ಮೂಡಣ ಅಂಚಿನಲ್ಲಿ, ಕುಂಕುಮದ ಕಲ್ಲಿಗೆ ದೂರವಾಗಿ, ಗೂಟ ನೆಡಿಸಿ ಹೋದರಂತೆ. ಹಣ ಒದಗದೆ ಇನ್ನೂ ಕೊರೆಸಿಲ್ಲ. ಕಲ್ಲನ್ನೂ ಅವರು ಕೀಳಿಸಿಲ್ಲ.