ತಲೆಯಿಲ್ಲದ ಸಿಪಾಯಿ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಕವಿಗಳನ್ನೂ ಅರಸರನ್ನೂ ನೆನೆಯುವುದು ವಾಡಿಕೆ. ಬ್ಯಾಂಕಿನಲ್ಲಿ ಕುಳಿತು ಅಂಕಿ ಕೂಡಿಸುವ ನಮ್ಮಂಥವರಿಗೆ ಅಷ್ಟು ಅಧಿಕಾರವಿಲ್ಲ. ಯುದ್ಧಕಾಲದ ಸೈನ್ಯಭರ್ತಿಯನ್ನು ಕುರಿತ ವ್ಯಂಗ್ಯಚಿತ್ರಗಳ ವಿಷಯವಾಗಿ ನಾಲ್ಕು ಮಾತು ಆಡಿ ಕುಳಿತುಕೊಳ್ಳುತ್ತೇವೆ. ಪುಣೆಯಲ್ಲಿರುವವರಿಗೆ ಇದು ದೂರದ ಮಾತಲ್ಲ. ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ ಇಲ್ಲಿಯೇ ಇದೆ. ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ನಮ್ಮ ಮಗ್ಗುಲಲ್ಲಿದೆ. ನಮ್ಮ ಮಕ್ಕಳು ಸಮವಸ್ತ್ರವನ್ನು ನೋಡುತ್ತಲೇ ಬೆಳೆಯುತ್ತಾರೆ.

ಸೈನ್ಯಭರ್ತಿಯ ಚಿತ್ರಗಳಲ್ಲೆಲ್ಲ ಹೆಸರಾದದ್ದು ದಪ್ಪ ಮೀಸೆಯ ಲಾರ್ಡ್ ಕಿಚನರನ ಚಿತ್ರ. ನೋಡುವವನ ಎದೆಗೇ ನೆಟ್ಟಂತೆ ಬೆರಳು ಚಾಚಿರುತ್ತಾನೆ. ಈತ 1902ರಿಂದ 1909ರ ವರೆಗೆ ಭಾರತದ ಸೈನ್ಯಕ್ಕೆ ಮುಖ್ಯಸೇನಾಪತಿಯಾಗಿದ್ದವನು. ಚಿತ್ರ ಮೊದಲು ಪ್ರಕಟವಾದದ್ದು 1914ರ ಸೆಪ್ಟೆಂಬರ್ 5ರ 'ಲಂಡನ್ ಒಪೀನಿಯನ್' ಪತ್ರಿಕೆಯ ಮುಖಪುಟದಲ್ಲಿ. ಬರೆದ ಆಲ್ಫ್ರೆಡ್ ಲೀಟ್ ವೃತ್ತಿಯಿಂದ ನಗೆಚಿತ್ರಗಾರ. ಕರೆಯುವ ಚಿತ್ರವೂ ನಗಿಸುವ ಚಿತ್ರವೂ ಒಂದೇ ಲೇಖನಿಯ ಮಕ್ಕಳೆಂದಾಯಿತು. ಆದರೆ ಆ ಬೆರಳು 'ಬಾ' ಎನ್ನುತ್ತದೆಯೇ ಹೊರತು, ಏಕೆ ಬರಬೇಕೆಂದು ಕೇಳಲು ಎಡೆಗೊಡುವುದಿಲ್ಲ. ಕೇಳುವ ಕೆಲಸ ಬೇರೆ ಚಿತ್ರಗಾರರ ಪಾಲಿಗೆ ಬಂತು.

ಅಂಥವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಮೊದಲನೆಯದು ಬಹಳ ಹಳೆಯದು. 1756ರಲ್ಲಿ ಫ್ರಾನ್ಸಿನವರು ದಂಡೆತ್ತಿ ಬರುವರೆಂಬ ಭೀತಿ ಇಂಗ್ಲೆಂಡಿನಲ್ಲಿ ಹಬ್ಬಿದ್ದಾಗ ವಿಲಿಯಂ ಹೋಗಾರ್ತ್ ಬರೆದದ್ದು. ಪಡಖಾನೆಯ ಮುಂದೆ ಭರ್ತಿ ನಡೆದಿದೆ. ಹಳ್ಳಿಯ ಹುಡುಗನೊಬ್ಬನನ್ನು ಅಳತೆಗೋಲಿಗೆ ನಿಲ್ಲಿಸಿದ್ದಾರೆ. ಎತ್ತರ ಎಲ್ಲಿ ಸಾಲದೆ ಹೋಗುವುದೋ ಎಂದು ಅವನು ತುದಿಗಾಲಿನ ಮೇಲೆ ನಿಂತಿದ್ದಾನೆ. ನಗು ಬರುತ್ತದೆ, ನಿಜ. ಆದರೆ ಆ ಹುಡುಗನನ್ನು ಹೀಯಾಳಿಸಲು ಮನಸ್ಸು ಬರುವುದಿಲ್ಲ. ಊರು ಬಿಟ್ಟು ಬಂದು, ಅರ್ಜಿ ಹಿಡಿದು ಸಾಲಿನಲ್ಲಿ ನಿಂತ ನಾವೆಲ್ಲ ಒಂದಲ್ಲ ಒಂದು ದಿನ ತುದಿಗಾಲಿನ ಮೇಲೆ ನಿಂತವರೇ ಅಲ್ಲವೆ?

ಎರಡನೆಯದು 1916ರದು. ನ್ಯೂಯಾರ್ಕಿನ 'ದಿ ಮ್ಯಾಸಸ್' ಪತ್ರಿಕೆಗೆ ರಾಬರ್ಟ್ ಮೈನರ್ ಬರೆದದ್ದು. ಸೈನ್ಯದ ವೈದ್ಯನ ಮುಂದೆ ಒಬ್ಬ ಭಾರಿ ಆಳು ನಿಂತಿದ್ದಾನೆ. ಭೀಮನಂಥ ತೋಳು, ಬಾಗಿಲಗಲದ ಎದೆ. ಕೊರಳ ಮೇಲೆ ಮಾತ್ರ ತಲೆಯಿಲ್ಲ! ಪರಿಪೂರ್ಣ ಸಿಪಾಯಿ ಕಡೆಗೂ ಸಿಕ್ಕನೆಂದು ವೈದ್ಯನಿಗೆ ಹಿಗ್ಗೋ ಹಿಗ್ಗು. ಮರುವರ್ಷ ಅಮೇರಿಕ ಯುದ್ಧಕ್ಕಿಳಿಯಿತು. ಭರ್ತಿಗೆ ಅಡ್ಡಿ ಮಾಡುತ್ತಿದ್ದಾರೆಂದು ಸರಕಾರ ಆ ಪತ್ರಿಕೆಯವರ ಮೇಲೆ ಮೊಕದ್ದಮೆ ಹೂಡಿತು. 1918ರಲ್ಲಿ ಎರಡು ಸಲ ವಿಚಾರಣೆಯಾದರೂ ಪಂಚರಲ್ಲಿ ಒಮ್ಮತ ಮೂಡಲಿಲ್ಲ. ಆರೋಪಿಗಳಲ್ಲಿ ಒಬ್ಬನಾದ ಆರ್ಟ್ ಯಂಗ್ ಎಂಬ ಚಿತ್ರಗಾರ ಕೋರ್ಟಿನಲ್ಲಿ ಕುಳಿತಲ್ಲೇ ನಿದ್ದೆ ಹೋದ. ಎಚ್ಚರವಾದ ಮೇಲೆ ತಾನು ಮಲಗಿದ್ದನ್ನೇ ಚಿತ್ರ ಬರೆದ! ಪತ್ರಿಕೆ ಮಾತ್ರ ಅಷ್ಟರಲ್ಲಿ ನಿಂತೇ ಹೋಗಿತ್ತು.

ಈ ತಲೆಯಿಲ್ಲದ ಸಿಪಾಯಿ ನಮ್ಮ ದೇಶಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತಾನೆ. ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋದರು. ತೋಳು ನಮ್ಮದು, ತಲೆ ಅವರದು: ಬ್ರಿಟಿಷರಿಗೆ ಸರಿಸಮನಾದ ಅಧಿಕಾರಿಯ ಪದವಿ ನಮ್ಮವರಿಗಿರಲಿಲ್ಲ. ಈ ಮರ್ಮವನ್ನು ಹಿಡಿದವರು ಈ ಊರಿನವರೇ ಆದ ಲೋಕಮಾನ್ಯ ತಿಲಕರು. 1918ರಲ್ಲಿ ಅವರು ಗಾಂಧೀಜಿಯವರಿಗೆ 50,000 ರೂಪಾಯಿಯ ಚೆಕ್ಕು ಕಳಿಸಿದರು. ಭಾರತೀಯರಿಗೆ ಅಧಿಕಾರಿ ಪದವಿ ಕೊಡುವುದಾಗಿ ಸರಕಾರದಿಂದ ಮೊದಲು ಮಾತು ಪಡೆಯಿರಿ. 5,000 ಜನರನ್ನು ನಾನು ಭರ್ತಿ ಮಾಡಿಸುತ್ತೇನೆ. ತಪ್ಪಿದರೆ ಈ ಹಣ ದಂಡ ಎಂಬುದು ಕರಾರು. ಗಾಂಧೀಜಿ ಚೆಕ್ಕನ್ನು ಹಿಂದಿರುಗಿಸಿದರು. ಬ್ಯಾಂಕಿನವರಾದ ನಮಗೆ, ನಗದಾಗದ ಚೆಕ್ಕೂ ಇಷ್ಟು ಬೆಲೆ ಬಾಳುವುದುಂಟೆ ಎಂದು ಆಶ್ಚರ್ಯ! ಮರುವರ್ಷ ಅಧಿಕಾರಿ ಪದವಿ ಪಡೆದ ಕೆಲವೇ ಭಾರತೀಯರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರಿದ್ದರು. 1949ರ ಜನವರಿ 15ರಂದು ಅವರೇ ಭಾರತೀಯರಲ್ಲಿ ಮೊದಲ ಮಹಾದಂಡನಾಯಕರಾದರು. ಮುಂಡಕ್ಕೆ ತಲೆ ಬರಲು ಮೂವತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಎರಡನೆಯ ಯುದ್ಧ ಬಂದು ಹೋಗಿತ್ತು. 1939ರಲ್ಲಿ ವೈಸರಾಯರು ನಮ್ಮ ಜನಪ್ರತಿನಿಧಿಗಳನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯದಲ್ಲಿದ್ದವರು ಸುಮಾರು 25 ಲಕ್ಷ. ಇದೇ ಪುಣೆಯ ಆಗಾಖಾನ್ ಅರಮನೆಯಲ್ಲಿ 1942ರ ಆಗಸ್ಟಿನಿಂದ ಗಾಂಧೀಜಿ ಬಂಧನದಲ್ಲಿದ್ದರು. ಹೊರಗೆ ಅದೇ ಸರಕಾರದ ಭರ್ತಿ ನಡೆದೇ ಇತ್ತು. ಸೇರಿದವರಲ್ಲಿ ಮನೆತನದ ಪದ್ಧತಿಯೆಂದು ಸೇರಿದವರುಂಟು, ಹೊಟ್ಟೆಪಾಡಿಗೆ ಸೇರಿದವರುಂಟು. ಅವರನ್ನು ನೋಡಿ ನಗುವ ಹಕ್ಕು ಯಾರಿಗೂ ಇಲ್ಲ. ಖಡಕಿಯ ಯುದ್ಧ ಸ್ಮಶಾನಕ್ಕೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಎರಡನೆಯ ಯುದ್ಧದ 1,600ಕ್ಕೂ ಮೇಲ್ಪಟ್ಟು ಗೋರಿಗಳು ಅಲ್ಲಿ ಸಾಲಾಗಿವೆ.

ಆ ಯುದ್ಧದ ನಡುವೆಯೇ, 1942ರಲ್ಲಿ, ಬೆಂಗಳೂರಿನಲ್ಲಿ ಡಾಕ್ಟರ್ ಶಿವರಾಂ ಅವರು, ನಮ್ಮ 'ರಾಶಿ'ಯವರು, 'ಕೊರವಂಜಿ'ಯನ್ನು ಹೊರಡಿಸಿದರು. ಅದಕ್ಕೆ ಚಿತ್ರ ಬರೆದ ಮೈಸೂರಿನ ತರುಣರೊಬ್ಬರು ಮುಂದೆ ಮುಂಬಯಿಯಲ್ಲಿ ಜಗತ್ಪ್ರಸಿದ್ಧರಾದರು. ಕಡೆಗಾಲದಲ್ಲಿ ಪುಣೆಯವರಾಗಿ 2015ರ ಜನವರಿ 26ರಂದು ಇಲ್ಲಿಯೇ ತೀರಿಕೊಂಡರು. ಆರ್. ಕೆ. ಲಕ್ಷ್ಮಣರೆಂದು ಬೇರೆ ಹೇಳಬೇಕಿಲ್ಲ. ಅವರ 'ಶ್ರೀಸಾಮಾನ್ಯ' ಚೌಕಳಿ ಕೋಟು ತೊಟ್ಟು ಮಾತಾಡದೆ ನೋಡುತ್ತಾನೆ. ಮೈನರನ ಸಿಪಾಯಿಗೆ ಇಲ್ಲದ ಎರಡು ಕಣ್ಣು ಈತನಿಗಿವೆ. ಪುಣೆಯ ಸಿಂಬಯಾಸಿಸ್ ಆವರಣದಲ್ಲಿ ಈತನ ಪ್ರತಿಮೆ ನಿಂತಿದೆ.

ನಮ್ಮ ಲೆಡ್ಜರಿನಲ್ಲಿ ಮನುಷ್ಯ ಒಂದು ಅಂಕಿಯಾಗುತ್ತಾನೆ. ಭರ್ತಿಯ ಪಟ್ಟಿಯಲ್ಲಿಯೂ ಹಾಗೆಯೇ. ಎತ್ತರ ಇಷ್ಟು, ಎದೆ ಇಷ್ಟು. ಅಂಕಿಯ ಹಿಂದೆ ಒಂದು ಮುಖವಿದೆ, ಮುಖದ ಹಿಂದೆ ಒಬ್ಬ ತಾಯಿಯಿದ್ದಾಳೆ ಎಂದು ನೆನಪು ಮಾಡಿಕೊಡುವುದೇ ಒಳ್ಳೆಯ ವ್ಯಂಗ್ಯಚಿತ್ರದ ಧರ್ಮ. ಅದು ಸೈನಿಕನಿಗೆ ಮಾಡುವ ಅವಮಾನವಲ್ಲ. ಅವನ ಪರವಾಗಿ ಆಡುವ ಮಾತು. ನಮ್ಮ ಮನೆಯ ಹುಡುಗರು ಖಡಕವಾಸಲಾಕ್ಕೆ ಹೋಗಲಿ; 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿಯ ಬಾಗಿಲು ತೆರೆದಿದೆ, ಅವರೂ ಹೋಗಲಿ. ತಲೆಯನ್ನು ಜೊತೆಗೇ ಒಯ್ಯಲಿ.

ಕಡೆಯದಾಗಿ ಒಂದು ಬಿನ್ನಹ. ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ 'ಕೊರವಂಜಿ'ಯ ಸಂಚಿಕೆಗಳು, ದಂಡಿಗೆ ಹೋದ ಅಜ್ಜನ ಕಾಗದಗಳು ಉಳಿದಿದ್ದರೆ ಗೆದ್ದಲಿಗೆ ಬಿಡಬೇಡಿ. ಸಂಘಕ್ಕೆ ತನ್ನಿ; ಬರುವ ರಾಜ್ಯೋತ್ಸವಕ್ಕೆ ಎಲ್ಲರೂ ಕೂಡಿ ನೋಡೋಣ, ನಗೋಣ.