ಮರದಲ್ಲಿ ಕೊರೆದ ಹಕ್ಕಿಗಳು

ಪುಸ್ತಕವೊಂದನ್ನು ಕೈಗೆತ್ತಿಕೊಂಡೊಡನೆ ನಮ್ಮ ಕಣ್ಣು ಅರಸುವುದು ಅದನ್ನು ಬರೆದವರ ಹೆಸರನ್ನು. ಇದು ಸಹಜವೇ. ನಾನಂತೂ ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆದವನು. ಕವಿಯ ಕಾಲ, ದೇಶ, ಗುರುಪರಂಪರೆ, ಆಶ್ರಯ ಕೊಟ್ಟ ಅರಸು ಇವುಗಳನ್ನು ಕುರಿತು ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿದ್ದೇನೆ. ಬೆನ್ನು ಬಾಗಿತು, ಕಣ್ಣು ಸೋತಿತು, ಕಷ್ಟಪಟ್ಟು ಬರೆದುದನ್ನು ಜೋಪಾನ ಮಾಡಿರಿ ಎಂದು ಓಲೆಗರಿಯ ಕೊನೆಯಲ್ಲಿ ಬೇಡಿಕೊಳ್ಳುವ ಲಿಪಿಕಾರನನ್ನೂ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಟ್ಟಿದ್ದೇನೆ. ಆದರೆ ಅಚ್ಚಾದ ಪುಸ್ತಕದೊಳಗೆ ಚಿತ್ರವಿದ್ದರೆ, ಅದನ್ನು ಬರೆದ ಕೈ ಯಾರದು ಎಂದು ಒಂದು ದಿನವಾದರೂ ಕೇಳಿದವನಲ್ಲ. ಈ ಲೋಪದ ಅರಿವು ನನಗೆ ಬಂದದ್ದು ಎರಡು ಶತಮಾನಗಳ ಹಿಂದೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬಾಳಿದ ಒಬ್ಬ ಕುಶಲಕರ್ಮಿಯಿಂದ. ಅವನ ಹೆಸರು ಥಾಮಸ್ ಬ್ಯೂಯಿಕ್. ಮರದ ಅಚ್ಚುಗಳನ್ನು ಕೊರೆದು ಪುಸ್ತಕಗಳಿಗೆ ಚಿತ್ರ ಒದಗಿಸಿದವನು. ಅವನ ದುಡಿಮೆಯ ಬದುಕನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಷಾರ್ಲೆಟ್ ಬ್ರಾಂಟಿ ೧೮೪೭ರಲ್ಲಿ ಪ್ರಕಟಿಸಿದ ‘ಜೇನ್ ಐರ್’ ಕಾದಂಬರಿಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅದರ ಮೊದಲ ಅಧ್ಯಾಯದಲ್ಲಿ, ಬಂಧುಗಳ ಮನೆಯಲ್ಲಿ ಯಾರಿಗೂ ಬೇಡವಾದ ತಬ್ಬಲಿ ಹುಡುಗಿಯೊಬ್ಬಳು ಕಿಟಕಿಯ ಪರದೆಯ ಮರೆಯಲ್ಲಿ ಕುಳಿತು ಹಕ್ಕಿಗಳ ಪುಸ್ತಕವೊಂದನ್ನು ತಿರುವಿಹಾಕುತ್ತಾಳೆ. ಅಕ್ಷರಗಳಿಗಿಂತ ಚಿತ್ರಗಳೇ ಅವಳಿಗೆ ಹೆಚ್ಚು. ಆ ಪುಸ್ತಕ ಬ್ಯೂಯಿಕ್‌ನದು. ಎಂ.ಎ. ಓದುತ್ತಿದ್ದಾಗ ನಾನು ಆ ಹೆಸರಿನ ಮೇಲೆ ಕಣ್ಣು ಹಾಯಿಸಿ ಮುಂದೆ ಸಾಗಿದ್ದೆ. ಎಷ್ಟೋ ವರ್ಷಗಳ ಮೇಲೆ, ಇಂಗ್ಲಿಷ್ ವಿಭಾಗದ ಮಿತ್ರರೊಬ್ಬರು ಆ ಹಕ್ಕಿಪುಸ್ತಕದ ಮರುಮುದ್ರಣವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಒಂದೊಂದು ಚಿತ್ರವೂ ಅಂಗೈಯಗಲ. ಅಷ್ಟರಲ್ಲಿ ಹಕ್ಕಿಯ ಎದೆಯ ಮೃದು, ರೆಕ್ಕೆಯ ಬಿರುಸು, ಅದು ಕುಳಿತ ಕೊಂಬೆಯ ಒರಟು ಎಲ್ಲವೂ ಇತ್ತು. ಇದ್ದ ಬಣ್ಣವಾದರೋ ಒಂದೇ, ಮಸಿಯ ಕಪ್ಪು.

ಬ್ಯೂಯಿಕ್ ಹುಟ್ಟಿದ್ದು ೧೭೫೩ರಲ್ಲಿ, ಟೈನ್ ನದಿಯ ಸಮೀಪದ ಚೆರಿಬರ್ನ್ ಎಂಬ ಒಕ್ಕಲುಮನೆಯಲ್ಲಿ. ತಂದೆ ಸಣ್ಣ ಹಿಡುವಳಿಯ ರೈತ. ಹುಡುಗನಿಗೆ ಪಾಠಕ್ಕಿಂತ ಚಿತ್ರದ ಹುಚ್ಚು. ಪುಸ್ತಕಗಳ ಅಂಚೆಲ್ಲ ತುಂಬಿದ ಮೇಲೆ ಸೀಮೆಸುಣ್ಣ ಹಿಡಿದು, ಓವಿಂಜಮ್ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಗೋರಿಕಲ್ಲುಗಳ ಮೇಲೆ ಬರೆಯುತ್ತಿದ್ದನಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ, ೧೭೬೭ರಲ್ಲಿ, ನ್ಯೂಕಾಸಲ್ ಪಟ್ಟಣದ ರಾಲ್ಫ್ ಬೀಲ್ಬಿ ಎಂಬ ಕೆತ್ತನೆಗಾರನ ಬಳಿ ಏಳು ವರ್ಷಗಳ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದ.

ಕಲಾಶಾಲೆಯೊಂದನ್ನು ಕಲ್ಪಿಸಿಕೊಂಡರೆ ತಪ್ಪಾದೀತು. ಅದು ಅಂಗಡಿ. ಬಾಗಿಲಿಗೆ ಹೊಡೆಯುವ ಹೆಸರಿನ ಹಲಗೆ, ಗಡಿಯಾರದ ಮುಖ, ಬೆಳ್ಳಿಯ ಸಾಮಾನಿನ ಮೇಲಿನ ಅಕ್ಷರ, ಮೊಹರು, ಶವಪೆಟ್ಟಿಗೆಗೆ ಬಡಿಯುವ ತಗಡು, ಹೀಗೆ ಬಂದವರು ಕೇಳಿದುದನ್ನೆಲ್ಲ ಕೆತ್ತಿಕೊಡಬೇಕು. ತನ್ನ ಕೈಗಳು ಕಮ್ಮಾರನ ಕೈಗಳಂತೆ ಜಡ್ಡುಗಟ್ಟಿದುವೆಂದು ಮುಂದೆ ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮರದ ಕೆಲಸ ಬೀಲ್ಬಿಗೆ ಅಷ್ಟಾಗಿ ಒಗ್ಗದು. ಆದ್ದರಿಂದ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನ ಕ್ಷೇತ್ರಗಣಿತದ ಪುಸ್ತಕಕ್ಕೆ ರೇಖಾಚಿತ್ರಗಳನ್ನು ಮರದಲ್ಲಿ ಕೊರೆಯುವ ಕೆಲಸ ಬಂದಾಗ ಅದು ಹುಡುಗನ ಪಾಲಿಗೆ ಬಿತ್ತು. ಯಜಮಾನನಿಗೆ ಬೇಡವಾದ ಕೆಲಸವೇ ಶಿಷ್ಯನಿಗೆ ಅನ್ನವೂ ಕೀರ್ತಿಯೂ ಆಯಿತು.

ಈ ವಿದ್ಯೆಯ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಅಂದಿನ ದಿನಗಳಲ್ಲಿ ಅಂದವಾದ ಚಿತ್ರ ಬೇಕೆಂದರೆ ತಾಮ್ರದ ತಗಡಿನಲ್ಲಿ ಕೆತ್ತಿಸಬೇಕಾಗಿತ್ತು. ತಾಮ್ರದಲ್ಲಿ ಮಸಿ ನಿಲ್ಲುವುದು ಕೊರೆದ ತಗ್ಗಿನಲ್ಲಿ. ಅಚ್ಚುಮೊಳೆಗೆ ಮಸಿ ಹತ್ತುವುದು ಉಬ್ಬಿನ ಮೇಲೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಅಚ್ಚು ಹಾಕುವಂತಿರಲಿಲ್ಲ. ಚಿತ್ರಕ್ಕೆ ಬೇರೆ ಯಂತ್ರ, ಬೇರೆ ಕೂಲಿ. ಮರದ ಅಚ್ಚಾದರೋ ಮೊಳೆಗಳ ಎತ್ತರಕ್ಕೆ ಸರಿಯಾಗಿ, ಅವುಗಳ ಪಕ್ಕದಲ್ಲೇ ಕುಳಿತು, ಒಂದೇ ಒತ್ತಿಗೆ ಕಾಗದದ ಮೇಲೆ ಮೂಡುತ್ತದೆ. ಅಗ್ಗ, ಆದರೆ ಒರಟು. ಏಕೆಂದರೆ ಹಳೆಯ ಕೆಲಸಗಾರರು ಮರವನ್ನು ಉದ್ದಕ್ಕೆ ಸೀಳಿದ ಹಲಗೆಯ ಮೇಲೆ ಚಾಕುವಿನಿಂದ ಕೊರೆಯುತ್ತಿದ್ದರು. ಎಳೆ ಅಡ್ಡ ಬಂದಲ್ಲಿ ಗೆರೆ ಸಿಗಿಯುತ್ತಿತ್ತು. ಬ್ಯೂಯಿಕ್ ಬಳಸಿದ್ದು ಬಾಕ್ಸ್‌ವುಡ್ ಎಂಬ ಬಹು ಗಟ್ಟಿಯಾದ ಮರವನ್ನು, ಅದೂ ಕೊರಡನ್ನು ಅಡ್ಡಕೊಯ್ದ ಬಿಲ್ಲೆಗಳನ್ನು. ಅಡ್ಡಕೊಯ್ದ ಮುಖದಲ್ಲಿ ಎಳೆಯ ಕಾಟವಿಲ್ಲ. ಅದರ ಮೇಲೆ ಲೋಹ ಕೆತ್ತುವವರ ಮೊನಚಾದ ಉಳಿಯನ್ನು ಯಾವ ದಿಕ್ಕಿಗಾದರೂ ಓಡಿಸಬಹುದು. ಉಳಿ ಓಡಿದ ದಾರಿ ಬೆಳ್ಳಗೆ ಉಳಿಯುತ್ತದೆ, ಉಳಿದುದು ಕಪ್ಪು. ಎಂದರೆ ಅವನು ಬರೆಯುತ್ತಿದ್ದುದು ಕತ್ತಲಲ್ಲ, ಬೆಳಕು. ದೂರದ ಬೆಟ್ಟ ಮಸುಕಾಗಿ ಕಾಣಬೇಕಾದರೆ ಅಲ್ಲಿ ಮರದ ಮೈಯನ್ನು ಕೂದಲೆಳೆಯಷ್ಟು ಹೆರೆದು ತಗ್ಗಿಸುವನು. ಒತ್ತು ಹಗುರವಾಗಿ ಮಸಿ ನಸುಬಣ್ಣಕ್ಕೆ ತಿರುಗುವುದು. ಇಷ್ಟು ನಾಜೂಕಿನ ಕೆಲಸವಾದರೂ ಬಾಳಿಕೆ ಅಪಾರ. ಪತ್ರಿಕೆಯೊಂದಕ್ಕೆ ಕೊರೆದುಕೊಟ್ಟ ಪುಟ್ಟ ಅಚ್ಚೊಂದು ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಗಳನ್ನು ಕೊಟ್ಟಿತೆಂದು ಅವನೇ ಹೇಳಿಕೊಂಡಿದ್ದಾನೆ.

೧೭೭೬ರಲ್ಲಿ ಅವನು ಲಂಡನ್ನಿಗೂ ಹೋದ. ಅಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಮನಸ್ಸು ಮಾತ್ರ ನಿಲ್ಲಲಿಲ್ಲ. ವರ್ಷ ತುಂಬುವ ಮೊದಲೇ ಹಿಂದಿರುಗಿ ಬೀಲ್ಬಿಯ ಪಾಲುದಾರನಾದ. ತಂದೆತಾಯಿ ಬದುಕಿರುವವರೆಗೂ ವಾರವಾರವೂ ನದಿಯ ದಡದಗುಂಟ ಹತ್ತು ಹನ್ನೆರಡು ಮೈಲಿ ನಡೆದು ಅವರನ್ನು ಕಂಡುಬರುತ್ತಿದ್ದ. ೧೭೮೫ರಲ್ಲಿ ಇಬ್ಬರೂ ತೀರಿಕೊಂಡರು. ಅದೇ ವರ್ಷ ಅವನು ‘ಚತುಷ್ಪಾದಿಗಳ ಇತಿಹಾಸ’ ಎಂಬ ಪುಸ್ತಕಕ್ಕೆ ಕೈ ಹಾಕಿದ. ಅದಕ್ಕೆಂದು ಕೊರೆದ ಮೊದಲ ಅಚ್ಚು ಒಂಟೆಯದು. ಅದರ ತಾರೀಖು ನವೆಂಬರ್ ೧೫, ಅವನ ತಂದೆ ಸತ್ತ ದಿನ. ಅಂದು ಅವನ ಕೈ ಹೇಗೆ ಆಡಿತೋ ಊಹಿಸಲಾರೆ. ಹಗಲೆಲ್ಲ ಅಂಗಡಿಯ ಕೆಲಸ, ಇರುಳು ಪ್ರಾಣಿಗಳ ಕೆಲಸ, ಹೀಗೆ ಐದು ವರ್ಷ ಸಾಗಿ ೧೭೯೦ರಲ್ಲಿ ಪುಸ್ತಕ ಹೊರಬಂದಿತು. ಬರಹ ಬೀಲ್ಬಿಯದು, ಚಿತ್ರ ಬ್ಯೂಯಿಕ್‌ನದು.

ಅನಂತರ ಹಕ್ಕಿಗಳ ಸರದಿ. ೧೭೯೧ರಲ್ಲಿ ಯಾರ್ಕ್‌ಷೈರಿನ ವಿಕ್ಲಿಫ್‌ಗೆ ಹೋಗಿ, ಶ್ರೀಮಂತರೊಬ್ಬರ ಸಂಗ್ರಹದಲ್ಲಿ ಒಣಹುಲ್ಲು ತುಂಬಿ ನಿಲ್ಲಿಸಿದ್ದ ಹಕ್ಕಿಗಳನ್ನು ಎರಡು ತಿಂಗಳ ಕಾಲ ನೋಡಿ ಬರೆದ. ಬರೆದುದು ಅವನಿಗೇ ಸೇರಲಿಲ್ಲ. ತುಂಬಿಸಿಟ್ಟ ಹಕ್ಕಿಗೆ ಹಕ್ಕಿಯ ನಿಲುವಿಲ್ಲ. ಬದುಕಿರುವುದನ್ನು, ಇಲ್ಲವೇ ಆಗತಾನೆ ಬೇಟೆಯಾದುದನ್ನು ಕಂಡೇ ಬರೆಯುವೆನೆಂದು ನಿಶ್ಚಯಿಸಿ ಕಾದ. ಎರಡು ತಿಂಗಳ ದುಡಿಮೆಯನ್ನು ಬದಿಗಿಡುವ ಈ ಧೈರ್ಯ ನನ್ನಂಥ ಬರಹಗಾರರಿಗೆ ಸುಲಭವಾಗಿ ಬರುವುದಿಲ್ಲ. ಪ್ರಕರಣ ಮುಗಿದಲ್ಲಿ ಪುಟದ ತಳದಲ್ಲಿ ಉಳಿಯುವ ಖಾಲಿ ಜಾಗವನ್ನೂ ಅವನು ಬಿಡಲಿಲ್ಲ. ಅಲ್ಲಿ ಪುಟ್ಟ ಪುಟ್ಟ ಚಿತ್ರಗಳನ್ನು ಇಟ್ಟ. ಸೇತುವೆಯ ಸುಂಕ ಉಳಿಸಲು ಹಸುವಿನ ಬಾಲ ಹಿಡಿದು ಹೊಳೆ ದಾಟುವವನೊಬ್ಬ. ಉಳಿದದ್ದು ಕಾಸು, ಹೋದದ್ದು ತಲೆಯ ಟೋಪಿ. ಕುದುರೆಮರಿಯ ಬಾಲ ಎಳೆಯುತ್ತಿರುವ ಕೂಸು, ದೂರದಿಂದ ಎದ್ದುಬಿದ್ದು ಓಡಿಬರುವ ತಾಯಿ. ನಾಯಿಯ ಹಿಂದೆ ಮಳೆಯಲ್ಲಿ ನಡೆದಿರುವ ಕುರುಡು ಪಿಟೀಲುಗಾರ. ಪ್ರಾಣಿಪಕ್ಷಿಗಳನ್ನು ಕುರಿತ ಗ್ರಂಥಗಳಲ್ಲಿ ಒಂದು ಸೀಮೆಯ ಬಡಜನರ ಬದುಕೇ ಹೀಗೆ ಅಂಚಿನಲ್ಲಿ ಬಂದು ಕುಳಿತಿತು.

೧೭೯೭ರಲ್ಲಿ ಹಕ್ಕಿಪುಸ್ತಕದ ಮೊದಲ ಸಂಪುಟ ಸಿದ್ಧವಾಯಿತು. ಆಗ ಎದ್ದ ಪ್ರಶ್ನೆಯೇ ಹೆಸರಿನದು. ವಿವರಣೆ ಬರೆದವನು ತಾನು, ಗ್ರಂಥಕರ್ತನೆಂದು ಮುಖಪುಟದಲ್ಲಿ ತನ್ನ ಹೆಸರು ಇರತಕ್ಕದ್ದೆಂದು ಬೀಲ್ಬಿ ಹೇಳಿದ. ಬ್ಯೂಯಿಕ್ ಒಪ್ಪಲಿಲ್ಲ. ಮಿತ್ರರು ನಡುವೆ ಬಂದರು. ಕೊನೆಗೆ ಅಚ್ಚಾದ ಮುಖಪುಟದಲ್ಲಿ, ಆಕೃತಿಗಳನ್ನು ಮರದಲ್ಲಿ ಕೆತ್ತಿದವನು ಬ್ಯೂಯಿಕ್ ಎಂಬ ಮಾತು ಉಳಿಯಿತು. ಗ್ರಂಥಕರ್ತನೆಂದು ಬೀಲ್ಬಿಯ ಹೆಸರು ಇರಲಿಲ್ಲ. ಗುರುಶಿಷ್ಯರ ಮೂವತ್ತು ವರ್ಷಗಳ ಸಂಬಂಧ ಅಲ್ಲಿಗೆ ಮುರಿಯಿತು. ನ್ಯಾಯ ಯಾರ ಕಡೆಗಿತ್ತು? ಚಿತ್ರವಿಲ್ಲದಿದ್ದರೆ ಆ ಪುಸ್ತಕವನ್ನು ಇಂದು ಯಾರೂ ತೆರೆಯುತ್ತಿರಲಿಲ್ಲ ಎಂಬುದು ನಿಜ. ಬೀಲ್ಬಿಯ ದುಡಿಮೆಯೂ ನಿಜ. ಇನ್ನೊಂದು ಮಾತನ್ನೂ ಮರೆಮಾಚಬಾರದು. ೧೮೦೪ರಲ್ಲಿ ಬಂದ ನೀರುಹಕ್ಕಿಗಳ ಸಂಪುಟದಲ್ಲಿ ಪುಟದ ತಳದ ಚಿತ್ರಗಳಲ್ಲಿ ಹಲವನ್ನು ಕೊರೆದವನು ಶಿಷ್ಯನಾದ ಲ್ಯೂಕ್ ಕ್ಲೆನೆಲ್. ಅವನ ಹೆಸರು ಮುಖಪುಟ ಏರಲಿಲ್ಲ. ತನ್ನ ಹೆಸರಿಗಾಗಿ ಹೋರಾಡಿದವನ ನೆರಳಿನಲ್ಲಿಯೂ ಹೆಸರಿಲ್ಲದ ಕೈಗಳಿದ್ದುವು.

೧೮೧೮ರಲ್ಲಿ ಈಸೋಪನ ಕಥೆಗಳನ್ನು ಹೊರತಂದಾಗ ಬ್ಯೂಯಿಕ್ ಕೊಂಡವರಿಗೆ ಕೊಡುವ ರಸೀದಿಯಲ್ಲಿ ತನ್ನ ಹೆಬ್ಬೆರಳಿನ ಗುರುತನ್ನು ಅಚ್ಚು ಹಾಕಿಸಿ, ಇದು ಥಾಮಸ್ ಬ್ಯೂಯಿಕ್‌ನ ಗುರುತು ಎಂದು ಪಕ್ಕದಲ್ಲಿ ನಮೂದಿಸಿದ. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಓದುಬರಹ ಬಾರದವನು ಎಂಬ ತಾತ್ಸಾರ. ಅವನಿಗೆ ಓದುಬರಹ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅವನು ನೆಚ್ಚಿದ್ದು ಸಹಿಯೊಂದನ್ನೇ ಅಲ್ಲ, ಐವತ್ತು ವರ್ಷ ಉಳಿ ಹಿಡಿದ ಕೈಯನ್ನು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ, ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ, ಮಕ್ಕಳಿಗಾಗಿ ಜನಪದ ಕಥೆಗಳ ಸಣ್ಣ ಪುಸ್ತಕವೊಂದನ್ನು ಸಿದ್ಧಪಡಿಸಿದೆ. ಅದಕ್ಕೆ ಚಿತ್ರ ಬರೆದುಕೊಟ್ಟವರು ನಮ್ಮೂರ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ಲಿನೋಲಿಯಂ ತುಂಡುಗಳಲ್ಲಿ ತಾವೇ ಕೊರೆದು, ಮರದ ಹಲಗೆಗೆ ಅಂಟಿಸಿ, ಪಂಚೆಯ ಚೂರಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಕರಡಚ್ಚನ್ನು ನಾನು ಮೂರು ಸಲ ತಿದ್ದಿದೆ. ಒತ್ತಕ್ಷರ ತಪ್ಪಿದ್ದಕ್ಕೆ ಮೊಳೆ ಜೋಡಿಸುವವನ ಮೇಲೆ ರೇಗಿದೆ. ಆದರೆ ಆ ಹದಿನಾರು ಚಿತ್ರ ಬರೆದವರ ಹೆಸರು ಎಲ್ಲಿಯೂ ಇಲ್ಲವೆಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ಪುಸ್ತಕ ಬಂದ ದಿನ ಮೇಷ್ಟ್ರು ಮನೆಗೆ ಬಂದರು. ಮೊದಲ ಪುಟ ತೆರೆದು ನೋಡಿದರು; ಕೊನೆಯ ಪುಟವನ್ನೂ ನೋಡಿದರು. ‘ಮೊಲದ ಕಿವಿ ಸ್ವಲ್ಪ ಮಸಿ ಜಾಸ್ತಿ ಕುಡಿದಿದೆ, ಸಾರ್’ ಎಂದರು. ಕಾಫಿ ಕುಡಿದು ಹೊರಟುಹೋದರು. ಅವರು ಅರಸಿದ್ದೇನೆಂದು ನನಗೆ ಹೊಳೆದದ್ದು ಹಕ್ಕಿಪುಸ್ತಕದ ಮುಖಪುಟದ ಕಥೆಯನ್ನು ಓದಿದ ರಾತ್ರಿ. ಅಷ್ಟರಲ್ಲಿ ಅವರು ತೀರಿಕೊಂಡು ಬಹುಕಾಲವಾಗಿತ್ತು. ನನ್ನ ಪುಸ್ತಕಕ್ಕೆ ಎರಡನೆಯ ಮುದ್ರಣದ ಭಾಗ್ಯವೂ ಬರಲಿಲ್ಲ. ಇಂದು ಅವರ ಹೆಸರನ್ನು ಇಲ್ಲಿ ಹೇಳಿ ಋಣ ತೀರಿಸಿಕೊಳ್ಳೋಣವೆಂದರೆ, ಊರಿಗೆಲ್ಲ ಅವರು ಡ್ರಾಯಿಂಗ್ ಮೇಷ್ಟ್ರು. ನಾನೂ ಅದಕ್ಕಿಂತ ಹೆಚ್ಚಿನದನ್ನು ಕೇಳಿ ತಿಳಿದುಕೊಳ್ಳಲಿಲ್ಲ.

ಬ್ಯೂಯಿಕ್ ಕೊನೆಯವರೆಗೂ ಕೆಲಸ ಬಿಡಲಿಲ್ಲ. ಮಳೆಯಲ್ಲಿ ನೆನೆಯುತ್ತ ಸಾವಿಗಾಗಿ ಕಾದು ನಿಂತ, ಎಲುಬು ಹಂದರವಾದ ಮುದಿಕುದುರೆಯೊಂದರ ದೊಡ್ಡ ಅಚ್ಚನ್ನು ಕೊರೆಯುತ್ತಿದ್ದಾಗ, ೧೮೨೮ರ ನವೆಂಬರ್ ೮ರಂದು ತೀರಿಕೊಂಡ. ಅಚ್ಚು ಅಪೂರ್ಣವಾಗಿ ಉಳಿಯಿತು. ಹುಡುಗನಾಗಿ ಸೀಮೆಸುಣ್ಣದಲ್ಲಿ ಚಿತ್ರ ಬರೆದ ಓವಿಂಜಮ್ ಚರ್ಚಿನ ಅಂಗಳದಲ್ಲಿಯೇ ಅವನನ್ನು ಮಣ್ಣು ಮಾಡಿದರು. ಎರಡು ವರ್ಷಗಳ ಮೇಲೆ, ೧೮೩೦ರಲ್ಲಿ, ವಿಲಿಯಂ ಯಾರೆಲ್ ಎಂಬ ಪ್ರಾಣಿಶಾಸ್ತ್ರಜ್ಞ ಒಂದು ಜಾತಿಯ ಹಂಸಕ್ಕೆ ಬ್ಯೂಯಿಕ್‌ನ ಹೆಸರನ್ನಿಟ್ಟ. ಪುಸ್ತಕದ ಮುಖಪುಟದಲ್ಲಿ ಕಾದಾಡಿ ಪಡೆದ ಹೆಸರು ಹಕ್ಕಿಯ ಬೆನ್ನೇರಿ ಆಕಾಶಕ್ಕೆ ಹೋಯಿತು.

ಎಲ್ಲರಿಗೂ ಇಂಥ ಹಂಸ ದೊರೆಯುವುದಿಲ್ಲ. ಆದ್ದರಿಂದ ಮಹನೀಯರೇ, ಮಹಿಳೆಯರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ನಾಳೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ತೆರೆದಾಗ, ಕಥೆಗೆ ಮೊದಲು ಇನ್ನೊಂದು ಹೆಸರನ್ನು ಹುಡುಕಿ ಓದಿ ಹೇಳಿ. ಹೆಸರಿಲ್ಲದಿದ್ದರೆ ಪ್ರಕಾಶಕರಿಗೆ ಒಂದು ಕಾರ್ಡು ಬರೆದು ಕೇಳಿ. ಕೇಳದೆ ಉಳಿದವನ ಮಾತು ಇದು.

(ಆಕಾಶವಾಣಿಯ ಕೃಪೆಯಿಂದ)