ಯಾರ ಪಕ್ಕದಲ್ಲಿ ಯಾರು ಕೂತರು



ಪ್ರಾಥಮಿಕ ಶಾಲೆಯ ಧ್ಯೇಯ, ಮೌಲ್ಯ ಎಂದ ಕೂಡಲೇ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ನುಡಿಮುತ್ತುಗಳು, ಬೆಳಗಿನ ಪ್ರಾರ್ಥನೆ, ಪಠ್ಯಪುಸ್ತಕದ ಮುನ್ನುಡಿ ನೆನಪಾಗುತ್ತವೆ. ಅವೂ ಬೇಕು. ಆದರೆ ಕನ್ನಡನಾಡಿನ ಶಾಲೆಗಳ ಇನ್ನೂರು ವರ್ಷದ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಮನದಟ್ಟಾದ ಒಂದು ಸಂಗತಿ ಇದೆ. ಶಾಲೆ ತನ್ನ ಬಾಗಿಲೊಳಗೆ ಯಾರನ್ನು ಬಿಟ್ಟುಕೊಂಡಿತು, ಬಂದವರನ್ನು ಯಾರ ಪಕ್ಕದಲ್ಲಿ ಕೂರಿಸಿತು, ಯಾರ ಕೈಯಡುಗೆಯನ್ನು ಉಣ್ಣಿಸಿತು ಎಂದು ನೋಡಿದರೆ ಅದು ಏನನ್ನು ನಂಬಿತ್ತು ಎಂಬುದು ತಿಳಿಯುತ್ತದೆ. ಇವತ್ತು ಅದನ್ನೇ ಮಾತಾಡೋಣ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತಮ್ಮ ಆಡಳಿತದ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ವರದಿ ಕಳಿಸಿದರು. ಆಗಿನ ಬಳ್ಳಾರಿ ಈಗಿನದಕ್ಕಿಂತ ಬಹಳ ದೊಡ್ಡದು, ಇವತ್ತು ಆಂಧ್ರಕ್ಕೆ ಸೇರಿರುವ ಸೀಮೆಯೂ ಅದರಲ್ಲಿತ್ತು. ಅಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು. ಇಂಗ್ಲಿಷ್ ಕಲಿಸುತ್ತಿದ್ದದ್ದು ಒಂದೇ ಒಂದು! ಓದುತ್ತಿದ್ದ ಮಕ್ಕಳು 6,641.

ಇವು ನಮ್ಮ ಅಜ್ಜಂದಿರ ಕಾಲದವರೆಗೂ ಉಳಿದಿದ್ದ ಕೂಲಿಮಠಗಳು. ಯಾರದೋ ಮನೆಯ ಜಗುಲಿ, ಇಲ್ಲವೇ ಗುಡಿಯ ಪೌಳಿ. ಮರಳು ಹರವಿ ಬೆರಳಲ್ಲಿ ತಿದ್ದುವುದು ಮೊದಲ ಪಾಠ. ಅಕ್ಷರ ಕೂತ ಮೇಲೆ ಕಡತ, ಬಳಪ. ಸಂಜೆಗೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಒಪ್ಪಿಸಬೇಕು. ಅಯ್ಯನವರ ಹೊಟ್ಟೆಪಾಡು ಪೂರಾ ಊರಿನ ಮೇಲೆ. ಮಕ್ಕಳ ಮನೆಯವರು ಕೊಟ್ಟ ದುಡ್ಡು, ಕಾಳುಕಡ್ಡಿ, ಜೊತೆಗೆ ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದಿ ಹಾಡಿ ತಂದದ್ದು. ಶಾಲೆಯನ್ನು ಸಾಕುವುದು ಊರಿನ ಕೆಲಸ ಎಂಬ ತಿಳಿವಳಿಕೆ ಶಿಕ್ಷಣ ಇಲಾಖೆಗಿಂತ ಹಳೆಯದು, ಇದನ್ನು ನಾವು ಮರೆಯಬಾರದು.

ಕ್ಯಾಂಬೆಲ್ ಒಂದು ಸಣ್ಣ ವಿವರ ಬರೆದಿದ್ದಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಾಗೆ ಬರಬರುತ್ತಾ ಒಂದೊಂದು ಜಾಸ್ತಿ. ಆ ಶಾಲೆ ಬೆಲೆ ಕೊಟ್ಟ ಗುಣಗಳೇನು ಎಂದು ತಿಳಿಯಲು ಅಂಗೈ ನೋಡಿದರೆ ಸಾಕು. ಹೊತ್ತಿಗೆ ಸರಿಯಾಗಿ ಬರುವುದು, ವಿದ್ಯೆಯನ್ನು ದೇವರೆಂದು ಕಾಣುವುದು, ಹೆದರುವುದು. ಇನ್ನೊಂದು ಗುಣವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾರೆ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಇದನ್ನು ನೋಡಿ ಇಂಗ್ಲೆಂಡಿನವರು ಅನುಕರಿಸಿದ್ದು ನ್ಯಾಯವೇ ಎಂದೂ ಬರೆದರು. ಜೊತೆಗೆ ದುಃಖದ ಮಾತೊಂದಿತ್ತು. ಇಂಗ್ಲೆಂಡಿನ ಗಿರಣಿ ಬಟ್ಟೆ ಬಂದು ನೇಕಾರರ ಕೈ ಕಟ್ಟಿತು, ಜನ ಬಡವಾದರು, ಮಕ್ಕಳ ಓದಿಗೆ ಕೊಡುವ ಚೂರು ದುಡ್ಡೂ ತಂದೆತಾಯಿಗಳ ಹತ್ತಿರ ಉಳಿಯಲಿಲ್ಲ, ಶಾಲೆಗಳು ಕಮ್ಮಿಯಾದವು.

ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಜಗುಲಿಯನ್ನು ಹತ್ತಲಾಗದ ಮಕ್ಕಳ ಲೆಕ್ಕವನ್ನಂತೂ ಯಾರೂ ಕೇಳಿರಲಿಲ್ಲ.

ಆ ಲೆಕ್ಕ ಕೇಳಿದವನು ಧಾರವಾಡದ ಒಬ್ಬ ಹುಡುಗ. ನಮ್ಮ ಶಾಲೆಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. 1856ರ ಜೂನ್ ತಿಂಗಳು. ಮಹಾರ್ ಜಾತಿಯ ಆ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಜುಲೈನಲ್ಲಿ ಉತ್ತರ ಬಂತು. ನ್ಯಾಯ ನೋಡಿದರೆ ಹುಡುಗನ ಕಡೆಗೇ ಇದೆ, ಆದರೆ ಇವನೊಬ್ಬನಿಗಾಗಿ ಮಿಕ್ಕವರೆಲ್ಲ ಶಾಲೆ ಬಿಟ್ಟುಹೋದರೆ ಶಾಲೆಯೇ ಉಪಯೋಗಕ್ಕೆ ಬಾರದ ಹಾಗಾಗುತ್ತದೆ ಎಂಬುದು ಆ ಉತ್ತರದ ತಾತ್ಪರ್ಯ. ನ್ಯಾಯ ನಿನ್ನದು, ಶಾಲೆ ಅವರದು!

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಕಲ್ಕತ್ತೆಯ ಸರ್ಕಾರದ ತನಕ ಹೋಯಿತು, ಲಂಡನ್ನಿಗೂ ಹೋಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದು ಕಳಿಸಿದರು. ಸರ್ಕಾರಿ ಶಾಲೆ ಎಲ್ಲರ ಶಾಲೆ ಎಂಬ ತತ್ವ ನಮ್ಮಲ್ಲಿ ಕಾಗದದ ಮೇಲೆ ಬಂದದ್ದು ಒಬ್ಬ ಧಾರವಾಡದ ಹುಡುಗನ ಅರ್ಜಿಯಿಂದ. 1928ರಲ್ಲಿ ಅಂಬೇಡ್ಕರ್ ಅವರು ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಅವರಿಗೆ ಇದು ಬರೀ ದಾಖಲೆಯ ಮಾತಾಗಿರಲಿಲ್ಲ. ತತ್ವ ಕಾಗದಕ್ಕೆ ಬಂದು ಸುಮಾರು ನಲವತ್ತು ವರ್ಷಗಳಾದ ಮೇಲೂ ಅವರು ತಮ್ಮ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಾಗಿತ್ತು.

ಅದೇ ಧಾರವಾಡ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮಾಡಿದ ಕೆಲಸ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಶಾಲೆಗಳಲ್ಲಿ ಮರಾಠಿ ಮೆರೆಯುತ್ತಿದ್ದಾಗ ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು. ಮಗು ತನ್ನ ಮನೆಯ ಮಾತಿನಲ್ಲೇ ಅಕ್ಷರ ಕಲಿಯಬೇಕು ಎಂಬುದೂ ಒಂದು ಮೌಲ್ಯ. ಅದಕ್ಕಾಗಿ ಅವರು ಸವೆದದ್ದು ಸ್ವಲ್ಪವಲ್ಲ. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಬಂದವು. ಶಾಸನಗಳ ರೈಸ್ ಎಂದು ನಾವು ಬಲ್ಲವರು, ಶಿಕ್ಷಣ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆಮೇಲೆ ಇಲಾಖೆಯಲ್ಲಿದ್ದ ಸಿ. ಆರ್. ರೆಡ್ಡಿಯವರ ಕಾಲದಲ್ಲಿ ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಲು ಆಜ್ಞೆಯಾದಾಗ ಕೆಲವು ಊರುಗಳಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಧಾರವಾಡದ ಪ್ರಶ್ನೆ ಅರವತ್ತು ವರ್ಷಗಳ ಬಳಿಕ ಮೈಸೂರಿಗೂ ಬಂದಿತ್ತು.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇಂಥ ಆಜ್ಞೆಗಾಗಿ ಕಾಯುತ್ತಾ ಕೂರಲಿಲ್ಲ. ವಕೀಲರು, ಬ್ರಾಹ್ಮಣರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆಂದೇ ಶಾಲೆಗಳನ್ನು ನಡೆಸಿದರು. ಅವರ ಜಾತಿಯವರು ಬಹಿಷ್ಕಾರ ಹಾಕಿದರೂ ಜಗ್ಗಲಿಲ್ಲ. ಓದಿ ದೊಡ್ಡ ಕೆಲಸಕ್ಕೆ ಸೇರಿದ ದಲಿತರ ಮಗು ನಮ್ಮೂರ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದು ಅವರು ಹೇಳುತ್ತಿದ್ದ ಮಾತು ಕರಾವಳಿಯಲ್ಲಿ ಇವತ್ತಿಗೂ ಮನೆಮಾತು. ಪ್ರಾಥಮಿಕ ಶಾಲೆಗೆ ಇಷ್ಟು ಸ್ಪಷ್ಟವಾದ ಗುರಿಯನ್ನು ಯಾವ ಆಯೋಗದ ವರದಿಯಲ್ಲಿಯೂ ನಾನು ಓದಿಲ್ಲ.

1937ರ ವಾರ್ಧಾ ಸಮ್ಮೇಳನದಿಂದ ಗಾಂಧೀಜಿಯ ಮೂಲಶಿಕ್ಷಣ ಬಂತು, ತಕಲಿ, ಕೈತೋಟ, ದುಡಿಮೆಯ ಗೌರವ. ಸ್ವಾತಂತ್ರ್ಯ ಬಂತು, ಹದಿನಾಲ್ಕು ವರ್ಷದವರೆಗೆ ಎಲ್ಲರಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಿಸಬೇಕೆಂದು ಸಂವಿಧಾನ ಹೇಳಿತು, 1961ರಲ್ಲಿ ಮೈಸೂರು ರಾಜ್ಯ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನನ್ನೂ ಮಾಡಿತು. ಊರೂರಿಗೆ ಹೆಂಚಿನ ಶಾಲೆ, ಒಂದಿಬ್ಬರು ಮೇಷ್ಟ್ರು. ಮಕ್ಕಳು ಬಂದರು, ಆದರೆ ಬಂದಷ್ಟೇ ಬೇಗ ಬಿಟ್ಟೂ ಹೋದರು. ಒಂದನೇ ತರಗತಿಗೆ ಸೇರಿದ ಎಷ್ಟೋ ಮಕ್ಕಳು ಐದನೆಯದು ಕಾಣಲಿಲ್ಲ. ದನ ಕಾಯುವ ಕೆಲಸ, ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಕೆಲಸ ಒಂದು ಕಾರಣ. ಶಾಲೆಯ ಭಯವೂ ಒಂದು ಕಾರಣ. ಬಳ್ಳಾರಿಯ ಆ ಅಂಗೈಯ ಏಟು ಹೊಸ ಕಟ್ಟಡಗಳಲ್ಲೂ ಮುಂದುವರಿದಿತ್ತು.

ಈ ಭಯವನ್ನು ಒಡೆದದ್ದು ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು. 1995ರಲ್ಲಿ, ಯುನಿಸೆಫ್ ನೆರವಿನಿಂದ, ಕಬಿನಿ ಸೀಮೆಯ ಆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ಮದನಪಲ್ಲೆ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು ತಾವೇ ಕೂತು ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಕಲಿಕಾ ಏಣಿ ಮಾಡಿದರು. ನಲಿ-ಕಲಿ ಕೊಠಡಿಗೆ ನೀವು ಹೋದರೆ ಮೊದಲು ಕಾಣುವುದು ಗೋಡೆಯ ಕೆಳಭಾಗದಲ್ಲಿ, ಮಗುವಿನ ಎತ್ತರಕ್ಕೆ ಬಳಿದ ಕಪ್ಪುಹಲಗೆ. ತಲೆಯೆತ್ತಿದರೆ ಚಪ್ಪರ, ದಾರಗಳ ಮೇಲೆ ಮಕ್ಕಳೇ ಮಾಡಿದ ಚಿತ್ರಗಳು ತೂಗುತ್ತಿರುತ್ತವೆ. ಒಂದು, ಎರಡು, ಮೂರನೇ ತರಗತಿಯವರು ಕಲೆತು ಗುಂಪುಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಒಂದು ಗುಂಪಿಗೆ ಟೀಚರ್ ಹೇಳಿಕೊಡುತ್ತಾರೆ. ಇನ್ನೊಂದು ಗುಂಪಿನಲ್ಲಿ ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ವಾರಗಟ್ಟಲೆ ಶಾಲೆ ತಪ್ಪಿಸಿ ಬಂದ ಮಗು ತಾನು ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿಯಬಹುದು, ಫೇಲ್ ಎಂಬ ಮಾತೇ ಇಲ್ಲ. 2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಎಲ್ಲ ಕಡೆ ಒಂದೇ ಥರ ಚೆನ್ನಾಗಿ ನಡೆಯಿತು ಎನ್ನಲಾರೆ. ತಾವೇ ಬರೆದ ಕಾರ್ಡಿನ ಮೇಲೆ ಮೇಷ್ಟ್ರಿಗಿರುವ ಅಕ್ಕರೆ, ಮೇಲಿನಿಂದ ಬಂದ ಪೆಟ್ಟಿಗೆಯ ಮೇಲೆ ಹುಟ್ಟುವುದು ಕಷ್ಟ. ಆದರೂ ಮಗು ಹೆದರದೆ ಕಲಿಯಬೇಕು ಎಂಬುದನ್ನು ಒಂದು ಸರ್ಕಾರಿ ವ್ಯವಸ್ಥೆ ಇಷ್ಟು ದೊಡ್ಡದಾಗಿ ಒಪ್ಪಿಕೊಂಡದ್ದು ನಮ್ಮ ನಾಡಿನ ಹೆಮ್ಮೆ.

ಈಗ ಊಟದ ಮಾತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆಜ್ಞೆ ಮಾಡಿತು. 2002ರ ಜೂನ್‌ನಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಬಂತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ, ಬಾಳೆಹಣ್ಣು. ಬಿಸಿಯೂಟ ಹಸಿವಿಗಾಗಿ ಬಂತು, ನಿಜ. ಆದರೆ ಶಾಲೆಯ ಒಳಗನ್ನು ಅದು ಬದಲಾಯಿಸಿದಷ್ಟು ಪಾಠಗಳು ಬದಲಾಯಿಸಿಲ್ಲ. ಬಡಿಸುವ ಮುಂಚೆ ಟೀಚರ್ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮಕ್ಕಳು ತಟ್ಟೆ ತೊಳೆದುಕೊಂಡು ವರಾಂಡದಲ್ಲಿ ಎರಡು ಸಾಲಾಗಿ ಕೂರುತ್ತಾರೆ. ದೊಡ್ಡ ತರಗತಿಯ ಮಕ್ಕಳು ನೀರು ಬಡಿಸುತ್ತಾರೆ. ಅನ್ನ, ಸಾಂಬಾರು. ಯಾರ ಪಕ್ಕ ಯಾರು ಎಂದು ಯಾರೂ ಕೇಳುವುದಿಲ್ಲ. ಮನೆಯ ಮದುವೆಯಲ್ಲೂ ಒಂದೇ ಪಂಕ್ತಿಯಲ್ಲಿ ಕೂರದ ಊರಿನ ಮಕ್ಕಳು ಶಾಲೆಯಲ್ಲಿ ದಿನಾ ಕೂರುತ್ತಾರೆ.

ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಧಾರವಾಡದ ಪ್ರಶ್ನೆ ಮತ್ತೆ ಎದ್ದಿತು. ಇವರು ಮಾಡಿದ ಅಡುಗೆಯನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಪೋಷಕರು ತಟ್ಟೆ ಕಸಿದುಕೊಂಡ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. 1856ರಲ್ಲಿ ಸರ್ಕಾರ ಬೆದರಿ ಹಿಂದೆ ಸರಿದಿತ್ತು. ಈಗ ಅಡುಗೆಯವರನ್ನು ಬದಲಾಯಿಸದೆ ಗಟ್ಟಿಯಾಗಿ ನಿಂತ ಮುಖ್ಯ ಶಿಕ್ಷಕರು, ಅಧಿಕಾರಿಗಳು ಇದ್ದಾರೆ. ಎಲ್ಲರ ಎದುರಿಗೆ ಕೂತು ಅದೇ ಅನ್ನವನ್ನು ತಾವೂ ಉಂಡು ಎದ್ದವರು. ಅಂಥವರಿಗೆ ನಾಡು ಋಣಿಯಾಗಿರಬೇಕು.

ಶಾಲೆಯನ್ನು ಮತ್ತೆ ಊರಿನ ಕೈಗೆ ಕೊಡುವ ಕೆಲಸವೂ ಬಿಸಿಯೂಟ ಬಂದ ಹೊತ್ತಿಗೇ ಆಯಿತು. ವಿಜ್ಞಾನಿ ರಾಜಾ ರಾಮಣ್ಣನವರ ಕಾರ್ಯಪಡೆಯ ಸಲಹೆಯ ಬೆನ್ನಿಗೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ನಾವೆಲ್ಲ ಎಸ್‌ಡಿಎಂಸಿ ಎನ್ನುವುದು, ಬಂದವು. ಅಧ್ಯಕ್ಷರಾಗುವುದಕ್ಕೆ ಊರ ಗೌಡರಾಗಿದ್ದರೆ ಸಾಲದು, ಆ ಶಾಲೆಯಲ್ಲಿ ಅವರ ಮಗು ಓದುತ್ತಿರಬೇಕು. ಕೂಲಿ ಮಾಡುವ ತಾಯಿ ಅಧ್ಯಕ್ಷೆಯಾಗಿ ಮುಖ್ಯ ಶಿಕ್ಷಕರ ಜೊತೆ ಕೂತು ಖರ್ಚಿನ ಲೆಕ್ಕ ಕೇಳುವುದು ಸಣ್ಣ ಮಾತಲ್ಲ.

ಇಷ್ಟೆಲ್ಲ ಆದ ಮೇಲೆ, ಒಂದೇ ಸಾಲಿನಲ್ಲಿ ಕೂರಬೇಕಾದ ಮಕ್ಕಳನ್ನು ಈಗ ಬೇರೆ ಮಾಡುತ್ತಿರುವುದು ಶುಲ್ಕ. ಬೆಳಿಗ್ಗೆ ಎಂಟಕ್ಕೆ ಊರ ಬಾಗಿಲಿಗೆ ಹಳದಿ ವ್ಯಾನು ಬರುತ್ತದೆ. ಅನುಕೂಲವಿದ್ದವರ ಮಕ್ಕಳು ಹತ್ತಿ ಪೇಟೆಗೆ ಹೋಗುತ್ತಾರೆ, ಬಡವರ ಮಕ್ಕಳು ಹೆಂಚಿನ ಶಾಲೆಗೆ ನಡೆಯುತ್ತಾರೆ. ಒಂದು ಬಡಾವಣೆಯ ಮಕ್ಕಳೆಲ್ಲ ಒಂದೇ ನೆರೆಹೊರೆಯ ಶಾಲೆಗೆ ಹೋಗಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 25 ಸೀಟು ಕೊಡಿಸಿತು. 2019ರಲ್ಲಿ ಕರ್ನಾಟಕ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಗೇ ಹೋಗಲಿ ಎಂದಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ತಾಯ್ನುಡಿಯಲ್ಲಿ ಕಲಿಯುವುದೂ ಮೌಲ್ಯ, ಎಲ್ಲರೂ ಕೂಡಿ ಕಲಿಯುವುದೂ ಮೌಲ್ಯ. ಎರಡೂ ಒಟ್ಟಿಗೆ ಉಳಿಯುವ ದಾರಿ ಇನ್ನೂ ನಮಗೆ ಸಿಕ್ಕಿಲ್ಲ, ನನಗೆ ಇದು ಬಹಳ ನೋವಿನ ಸಂಗತಿ.

ಹಾಗೆಂದು ಎಲ್ಲ ಊರುಗಳೂ ಸುಮ್ಮನೆ ಕೂತಿಲ್ಲ. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡಿನ ಸರ್ಕಾರಿ ಶಾಲೆ ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. ಊರಿನ ಯುವಕರ ಸಂಘವೊಂದು ಅದನ್ನು ಕೈಗೆತ್ತಿಕೊಂಡಿತು. ಹೊಸ ಕಟ್ಟಡ ಎದ್ದಿತು, ಪೇಟೆಗೆ ಹೋಗುತ್ತಿದ್ದ ಮಕ್ಕಳು ಮತ್ತೆ ಊರಿನ ಶಾಲೆಗೇ ಬಂದರು. ಹೀಗೆ ಹಳೆಯ ವಿದ್ಯಾರ್ಥಿಗಳು, ಎಸ್‌ಡಿಎಂಸಿಯವರು ದುಡ್ಡು ಕೂಡಿಸಿ ಮಕ್ಕಳಿಗೆ ವಾಹನ ಮಾಡಿಸಿದ, ಎಲ್‌ಕೆಜಿ ತೆರೆದ ಊರುಗಳು ಕರಾವಳಿ, ಮಲೆನಾಡುಗಳಲ್ಲಿ ಇನ್ನಷ್ಟು ಇವೆ. ಮೇ ಕೊನೆಯಲ್ಲಿ ದಾಖಲಾತಿ ಆಂದೋಲನದ ಮೆರವಣಿಗೆ ನಿಮ್ಮ ಊರಲ್ಲೂ ಬರುತ್ತದೆ. ಟೀಚರ್‌ಗಳು ಮನೆಮನೆಗೆ ಬಂದು ಮಗುವನ್ನು ಶಾಲೆಗೆ ಕಳಿಸಿ ಎಂದು ಕೇಳುತ್ತಾರೆ. ಅವರು ಬಂದಾಗ, ಈ ವರ್ಷ ನಿಮ್ಮ ಶಾಲೆಯಲ್ಲಿ ಒಂದನೇ ತರಗತಿಗೆ ಯಾರ್ಯಾರ ಮಕ್ಕಳು ಸೇರುತ್ತಿದ್ದಾರೆ, ಊರಿನ ಯಾವ ಕೇರಿಯ ಮಕ್ಕಳು ಇನ್ನೂ ಬಂದಿಲ್ಲ ಎಂದು ದಯವಿಟ್ಟು ಅವರನ್ನು ಕೇಳಿ.